ಕನ್ನಡಿ ರಾಣಿಯನ್ನು ಗೆದ್ದದ್ದು ಯಾರು

ಜನವರಿ 8

ಅತ್ತಿಗೆ,

ಬಂದು ಮುಟ್ಟಿದ್ದೇನೆ. ದೋಣಿಯಲ್ಲಿ ಹೊಟ್ಟೆಯೊಳಗಿನದೆಲ್ಲವನ್ನೂ ಸಮುದ್ರಕ್ಕೆ ಒಪ್ಪಿಸಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ದ್ವೀಪ ಎಂದ ತಕ್ಷಣ ನೀವು ಏನೇನೋ ಊಹಿಸಿಕೊಂಡಿರುತ್ತೀರಿ. ಇದು ಒಂದು ಬಂಡೆ. ಅದರ ಮೇಲೆ ಹವಾಮಾನ ಕೇಂದ್ರದ ಉದ್ದನೆಯ ತಗಡಿನ ಕಟ್ಟಡ, ಒಂದು ಗೋಪುರ, ಬಿಡುವಿಲ್ಲದೆ ಬೀಸುವ ಗಾಳಿ. ಇರುವವರು ಮೂವರು: ನಾನು, ಗಡ್ಡದ ಮುಖ್ಯಸ್ಥರು, ಮತ್ತು ಅಡುಗೆಯಿಂದ ಹಿಡಿದು ಜನರೇಟರ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಮೆಕ್ಯಾನಿಕ್. ಬಲೂನು ಹಾರಿಸುವುದು, ಗಾಳಿ ಎಷ್ಟು, ತೇವ ಎಷ್ಟು ಎಂದು ಅಳೆದು ಕಳಿಸುವುದು, ಇಷ್ಟೇ ಕೆಲಸ. ಇಂಟರ್‌ನೆಟ್ ಇರುವುದು ಆ ಅಂಕಿಗಳಿಗೆ, ವೈರ್‌ಲೆಸ್ ಇರುವುದು ಅಪಾಯಕ್ಕೆ. ಮನುಷ್ಯರ ಮಾತಿಗೆ ಗುರುವಾರದ ದೋಣಿ ಒಂದೇ.

ಆದ್ದರಿಂದ ಒಂದು ಉಪಾಯ ಮಾಡಿದ್ದೇನೆ. ನಮ್ಮ ‘ಪಾತಾಳ’ ಆಟವನ್ನು ನಿಲ್ಲಿಸುವುದು ಬೇಡ. ನಿಮ್ಮ ಕೈಯಲ್ಲಿ ಹಿಡಿಯುವ ವಿಡಿಯೋ ಗೇಮ್ ಯಂತ್ರದಲ್ಲಿ ಆಟ ಇದೆ, ನನ್ನದರಲ್ಲೂ ಇದೆ, ಅದಕ್ಕೆ ಇಂಟರ್‌ನೆಟ್ ಬೇಡ. ಶುರು ಮಾಡುವಾಗ ‘ಬೀಜಸಂಖ್ಯೆ’ ಎಂದು ಕೇಳುತ್ತದಲ್ಲ, ಅಲ್ಲಿ ಇಬ್ಬರೂ ಒಂದೇ ಸಂಖ್ಯೆ ಹಾಕೋಣ. ಆಗ ಇಬ್ಬರಿಗೂ ಒಂದೇ ಪಾತಾಳ ತೆರೆದುಕೊಳ್ಳುತ್ತದೆ: ಅವೇ ಕೋಣೆಗಳು, ಅವೇ ರಾಕ್ಷಸರು, ಗೆದ್ದಾಗ ಅವೇ ಮೂರು ಕಾರ್ಡುಗಳು. ಯಾವುದನ್ನು ತೆಗೆದುಕೊಳ್ಳುತ್ತೇವೆ, ಯಾವುದನ್ನು ಬಿಡುತ್ತೇವೆ ಎನ್ನುವುದಷ್ಟೇ ನಮ್ಮ ನಮ್ಮದು. ಸತ್ತರೆ ಸತ್ತಂತೆ, ಮತ್ತೆ ಅದೇ ಸಂಖ್ಯೆ ಮುಟ್ಟುವಂತಿಲ್ಲ. ಆಮೇಲೆ ಕಾಗದದಲ್ಲಿ ಹೇಳಿಕೊಳ್ಳೋಣ.

ಮೊದಲ ಸಲ ಇಂಥ ಆಟಕ್ಕೆ ರೋಗ್‌ಲೈಕ್ ಎನ್ನುತ್ತಾರೆ ಎಂದಾಗ “ಹೌದಮ್ಮ, ರೋಗವೇ ಇರಬೇಕು, ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ” ಎಂದಿದ್ದಿರಿ. ಈಗ ನೀವೂ ರೋಗಿ. ಸಂಖ್ಯೆ: 4471.

ಅಣ್ಣನನ್ನು ಕೇಳಿದೆ ಎಂದು ಹೇಳಿ. ಅವನು ಯಾವುದೋ ಲಿಫ್ಟ್ ರಿಪೇರಿಗೆಂದು ಅದರ ಗುಂಡಿಯೊಳಗೆ ಇಳಿದಿರುತ್ತಾನೆ, ಮೇಲೆ ಬಂದಾಗ ಹೇಳಿ.

ನಿಮ್ಮ ಚೂಟಿ


ಜನವರಿ 19

ಪ್ರೀತಿಯ ಚೂಟಿ,

ಅಕ್ಷರ ನೋಡಿ ಹೆದರಬೇಡ, ಪೆನ್ನು ಸರಿಯಿಲ್ಲ.

ನೀನು ಹೋದ ಮೇಲೆ ಮನೆ ಎಷ್ಟು ಚೊಕ್ಕಟವಾಗಿದೆ ಎಂದರೆ ಬೇಜಾರಾಗುತ್ತದೆ. ಬಾತ್‌ರೂಮಿನಲ್ಲಿ ಕೂದಲಿಲ್ಲ, ಸೋಫಾದ ಸಂದಿಯಲ್ಲಿ ಬಿಸ್ಕತ್ತಿನ ಪುಡಿಯಿಲ್ಲ. ಲ್ಯಾಬಿನಲ್ಲಿ ಎಂದಿನಂತೆ ಕೃತಕ ಹಲ್ಲುಗಳ ನಡುವೆ ಸಂಸಾರ. ಮೊನ್ನೆ ಒಬ್ಬರ ಮುಂದಿನ ಹಲ್ಲಿಗೆ ಬಣ್ಣ ಹೊಂದಿಸಲು ಹೋಗಿ ಮೂರು ಸಲ ಸುಟ್ಟು ಮೂರು ಸಲ ಒಡೆದೆ. ಇರಲಿ.

ನಿನ್ನ 4471 ಹಾಕಿದೆ. ಎರಡನೆಯ ಮಹಡಿಯಲ್ಲೇ ಸತ್ತೆ. ಕೊಟ್ಟ ಕಾರ್ಡುಗಳನ್ನೆಲ್ಲ ತೆಗೆದುಕೊಂಡೆ ಕಣೆ. ಯಾರಾದರೂ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಕೊನೆಗೆ ಬೇಕಾದಾಗ ಬೇಕಾದ್ದು ಕೈಗೆ ಬರಲಿಲ್ಲ. ಜೀವ ತುಂಬುವ ಮಡಕೆಯನ್ನು ಆಪತ್ತಿಗೆಂದು ಇಟ್ಟುಕೊಂಡಿದ್ದೆ. ಅದು ಕೈಯಲ್ಲಿ ಇರುವಾಗಲೇ ಸತ್ತೆ. ನಗಬೇಡ.

ಕೆಳಗಿನ ಮನೆಗೆ ಕನ್ನಡಕದಂಗಡಿಯವಳೊಬ್ಬಳು ಬಂದಿದ್ದಾಳೆ. ಚುರುಕು. ಸಂಜೆ ಬರುತ್ತಾಳೆ, ನಾನು ಆಡುವುದನ್ನು ನೋಡುತ್ತಾ ಕೂರುತ್ತಾಳೆ. ನಿನ್ನ ಅಣ್ಣ ಚೆನ್ನಾಗಿದ್ದಾರೆ. ನಿನ್ನ ಕಾಗದ ಬಂದಿದೆ ಎಂದರೆ “ಹೂಂ” ಅಂದರು. ಅವರ ಹೂಂ ನಿನಗೆ ಗೊತ್ತಲ್ಲ.

ಅತ್ತಿಗೆ


ಜನವರಿ 28

ಅತ್ತಿಗೆ,

ಎರಡನೇ ಮಹಡಿ! ಕಲಿಸಿದವಳ ಮಾನ ಕಳೆದಿರಿ.

ಮತ್ತೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ಆಟ ಶುರುವಾದಾಗ ಕೈಯಲ್ಲಿರುವುದು ಹತ್ತು ದರಿದ್ರ ಕಾರ್ಡು, ಮರದ ಕತ್ತಿ, ತೂತು ಗುರಾಣಿ. ಗೆಲ್ಲುವವಳು ಅದಕ್ಕೆ ಸೇರಿಸುತ್ತಾ ಹೋಗುವುದಿಲ್ಲ, ಕಿತ್ತುಹಾಕುತ್ತಾ ಹೋಗುತ್ತಾಳೆ. ಕಾರ್ಡಿನ ಕಟ್ಟು ತೆಳ್ಳಗಿದ್ದಷ್ಟೂ ಒಳ್ಳೆಯ ಕಾರ್ಡು ಬೇಗ ಬೇಗ ತಿರುಗಿ ಬರುತ್ತದೆ. ಹತ್ತು ಸಲ ಬೇಡ ಎಂದು ಒಂದು ಸಲ ಬೇಕು ಎನ್ನಬೇಕು. ನಾನು 4471ರಲ್ಲಿ ಆರನೇ ಮಹಡಿಯ ತನಕ ಎಂಟೇ ಕಾರ್ಡಿನಲ್ಲಿ ಇಳಿದೆ. ಏಳನೆಯದರಲ್ಲಿ ಮಾತ್ರ ಆ ಕನ್ನಡಿ ರಾಣಿ ಎಂದಿನಂತೆ ಕೊಂದಳು. ನಾನು ಆಡಿದ್ದನ್ನೇ ಮರುಸರದಿಯಲ್ಲಿ ನನ್ನ ಮೇಲೆ ಆಡುತ್ತಾಳಲ್ಲ, ನನ್ನ ಮಿಂಚಿನ ಕತ್ತಿ ನನ್ನನ್ನೇ ಸೀಳಿತು. ಇಷ್ಟು ವರ್ಷದಲ್ಲಿ ಅವಳನ್ನು ಒಂದು ಸಲವೂ ಸೋಲಿಸಲಾಗಿಲ್ಲ. ಈ ದ್ವೀಪದಲ್ಲಿ ಸೋಲಿಸಿಯೇ ತೀರುತ್ತೇನೆ. ಇಲ್ಲಿ ಬೇರೇನು ಮಾಡಲಿ?

ಮುಂದಿನ ಸಂಖ್ಯೆ: 9026.

ಆ ಕನ್ನಡಕದವಳು ಎಲ್ಲಿ ಕೂರುತ್ತಾಳೆ? ಕಿಟಕಿ ಪಕ್ಕದ ಕುರ್ಚಿ ನನ್ನದು. ತಮಾಷೆಗೆ ಹೇಳುತ್ತಿಲ್ಲ.

ಚೂಟಿ


ಫೆಬ್ರವರಿ 18

ಅತ್ತಿಗೆ,

ಎರಡು ಗುರುವಾರ ದೋಣಿ ಬಂತು. ಮೆಕ್ಯಾನಿಕ್‌ಗೆ ಅವನ ಹೆಂಡತಿಯ ಕಾಗದ, ಮುಖ್ಯಸ್ಥರಿಗೆ ಹಳೆಯ ಪೇಪರು, ನನಗೆ ಬ್ಯಾಟರಿಗಳ ಪೆಟ್ಟಿಗೆ. 9026ರಲ್ಲಿ ನಾನು ಮತ್ತೆ ರಾಣಿಯ ಬಾಗಿಲಲ್ಲಿ ಸತ್ತೆ. ನೀವು ಆಡಿದಿರೋ ಇಲ್ಲವೋ? ಇಲ್ಲಾ ಈಗ ಸಂಜೆಗಳಿಗೆ ಬೇರೆ ಜೊತೆ ಸಿಕ್ಕಿದ್ದಾಳೋ?

ಚೂಟಿ


ಮಾರ್ಚ್ 2

ಪ್ರೀತಿಯ ಚೂಟಿ,

ಬರೆಯಲು ತಡವಾಯಿತು. ಲ್ಯಾಬಿನಲ್ಲಿ ಕೆಲಸ ಹೆಚ್ಚು. ಈ ಸಲ ಕಂಪ್ಯೂಟರಿನಲ್ಲಿ ಹೊಡೆದು ಅಚ್ಚು ಹಾಕಿಸಿದ್ದೇನೆ, ಓದಲು ನಿನಗೂ ಸುಲಭ.

ಸುದ್ದಿ ಕೇಳು. 9026ರಲ್ಲಿ ಕನ್ನಡಿ ರಾಣಿ ಸತ್ತಳು!

ಹೇಗೆ ಎನ್ನುತ್ತೀಯಾ? ಕಟ್ಟಿನಲ್ಲಿ ಮೂವತ್ತೋ ನಲವತ್ತೋ ಕಾರ್ಡು ಇದ್ದವು. ಮಡಕೆಯನ್ನು ಮೊದಲ ಕೋಣೆಯಲ್ಲೇ ಕುಡಿದಾಗಿತ್ತು. ಎರಡನೇ ಕೋಣೆಯಲ್ಲಿ ಒಂದು ದಪ್ಪ ಕೋಟು ಸಿಕ್ಕಿತು, ಹಾಕಿಕೊಂಡರೆ ಸಣ್ಣಪುಟ್ಟ ಪೆಟ್ಟು ತಾಗುವುದಿಲ್ಲವಲ್ಲ, ಅದು. ‘ಕುಂಟ ಮೇಕೆ’ ಕಾರ್ಡು ಸಿಕ್ಕಾಗಲೆಲ್ಲ ತೆಗೆದುಕೊಂಡದ್ದಾಯಿತು, ಚಿತ್ರ ಮುದ್ದಾಗಿತ್ತು ಎಂದು. ‘ಹರಕು ಕೊಡೆ’ಯೂ ಹಾಗೆಯೇ. ಎರಡೂ ಆಡಿದವರಿಗೇ ಪೆಟ್ಟು ಕೊಡುವ ಕಾರ್ಡುಗಳು, ಯಾರೂ ಮುಟ್ಟುವುದಿಲ್ಲ. ರಾಣಿಯ ಎದುರು ಕೈಗೆ ಬಂದದ್ದು ಬರೀ ಮೇಕೆ, ಬರೀ ಕೊಡೆ. ನಮಗೆ ಕೋಟಿತ್ತು, ತಾಗಲಿಲ್ಲ. ರಾಣಿ ಅದನ್ನೇ ತಿರುಗಿಸಿ ಆಡಿದಳು, ಅವಳಿಗೆಲ್ಲಿಯ ಕೋಟು? ತನ್ನ ಕೊಡೆಯಿಂದ ತಾನೇ ತಿವಿಸಿಕೊಂಡು ಸತ್ತಳು. ಮನೆಯಲ್ಲಿ ನಕ್ಕು ನಕ್ಕು ಸಾಕಾಯಿತು.

ನೀನು ಇರಬೇಕಿತ್ತು.

ಅತ್ತಿಗೆ


ಮಾರ್ಚ್ 11

ಅತ್ತಿಗೆ,

ಅಭಿನಂದನೆ.

ಈ ಪದವನ್ನು ಬರೆದು ಗಾಳಿಯ ವೇಗ ನೋಡಿಬರಲು ಹೋದೆ, ಬಂದೆ, ಮತ್ತೆ ಅದನ್ನೇ ನೋಡುತ್ತಾ ಕೂತೆ. ಸುಳ್ಳು ಹೇಳುವುದಿಲ್ಲ, ಮೈಯೆಲ್ಲ ಉರಿಯಿತು. ನಾನು ಒಂದೊಂದು ಕಾರ್ಡಿಗೂ ಲೆಕ್ಕ ಹಾಕಿ, ಮುಂದಿನ ನಾಲ್ಕು ಸರದಿ ಯೋಚಿಸಿ, ಅದೇ ಬಾಗಿಲಲ್ಲಿ ಸಾಯುತ್ತೇನೆ. ಅಲ್ಲಿ ಮೇಕೆಯ ಮುಖ ಮುದ್ದಾಗಿದೆ ಎಂದು ಗೆಲ್ಲುತ್ತಾರೆ!

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ಒಂದು ವಿಷಯ ಖಾತ್ರಿಯಾಯಿತು. ಇದು ನಿಮ್ಮ ಆಟವಲ್ಲ. ನೀವು ಮಡಕೆಯನ್ನು ಮೊದಲ ಕೋಣೆಯಲ್ಲಿ ಕುಡಿಯುವವರಲ್ಲ, ಸಾಯುವ ತನಕ ಎತ್ತಿಡುವವರು. ನೀವು ಚಿತ್ರ ನೋಡುವುದಿಲ್ಲ, ಕಾರ್ಡಿನ ಬರಹವನ್ನು ತುಟಿ ಆಡಿಸುತ್ತಾ ಎರಡು ಸಲ ಓದುತ್ತೀರಿ. ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದೇನೆ, ನಿಮ್ಮ ಹೆಬ್ಬೆರಳು ಎಲ್ಲಿ ಅನುಮಾನಿಸುತ್ತದೆ ಎಂದು ನನಗೆ ಗೊತ್ತು. ‘ಕುಡಿದಾಗಿತ್ತು’, ‘ತೆಗೆದುಕೊಂಡದ್ದಾಯಿತು’ ಎಂದು ಬರೆದಿದ್ದೀರಿ. ಯಾರು ಕುಡಿದದ್ದು? ಯಾರು ತೆಗೆದುಕೊಂಡದ್ದು? ‘ನಮಗೆ ಕೋಟಿತ್ತು’ ಅಂತೆ. ನಮಗೆ!

ಸಂಖ್ಯೆ ಕಳಿಸಿದ್ದು ನಿಮಗೆ, ಕನ್ನಡಕದಂಗಡಿಗಲ್ಲ. ಅವಳಿಗೆ ಪಾತಾಳ ಬೇಕಿದ್ದರೆ ಅವಳ ಸಂಖ್ಯೆ ಅವಳು ಹುಡುಕಿಕೊಳ್ಳಲಿ. ಈ ಸಲ ನಾನು ಸಂಖ್ಯೆ ಕಳಿಸುತ್ತಿಲ್ಲ.

ಚೂಟಿ


ಮಾರ್ಚ್ 21

ಅಯ್ಯೋ ಹುಚ್ಚಿ,

ನಿನ್ನ ಕಣ್ಣು ತಪ್ಪಿಸಿ ಏನೂ ಮಾಡುವ ಹಾಗಿಲ್ಲ. ಸರಿ, ನಾನು ಆಡಲಿಲ್ಲ. ಕನ್ನಡಕದವಳೂ ಅಲ್ಲ. ಅವಳಿಗೆ ನಿಶ್ಚಿತಾರ್ಥವಾಗಿದೆ, ಸಂಜೆ ಹೊತ್ತು ಈಗ ಯಾರ ಕೈಗೂ ಸಿಗುವುದಿಲ್ಲ.

ಆಡಿದ್ದು ನಿನ್ನ ಅಣ್ಣ.

ಬಾಯಿ ಮುಚ್ಚಿಕೋ, ನೊಣ ಹೋದೀತು. ನನಗೆ ಯಂತ್ರ ಹಿಡಿದು ಹಿಡಿದು ಸಾಕಾಗಿತ್ತು. “ಸ್ವಲ್ಪ ಹಿಡ್ಕೊಳ್ಳಿ, ನಾನು ಹೇಳಿದ್ದು ಒತ್ತಿ” ಎಂದೆ. “ಯಾವುದು ಒತ್ತಲಿ?” “ಎಡಗಡೆದು.” “ಎಡಗಡೆ ಮೇಕೆ ಇದೆಯಲ್ಲೇ.” “ಅದಲ್ಲ, ಅದು ಬೇಡ.” “ಪಾಪ, ಕುಂಟ್ತಾ ಇದೆ, ಬರಲಿ ಬಿಡು.” ಒತ್ತಿಯೇಬಿಟ್ಟರು. ಆಮೇಲೆ ನನ್ನ ಮಾತು ಎಲ್ಲಿ ಕೇಳುತ್ತಾರೆ? ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಒಬ್ಬೊಬ್ಬರನ್ನೇ ಹೊರಗೆಳೆಯುವವರು, ಒಂದು ಮೇಕೆಯನ್ನೂ ಹಿಂದೆ ಬಿಟ್ಟು ಬರಲಿಲ್ಲ. ರಾಣಿ ಸತ್ತಾಗ ಉಗುರಿನ ಗ್ರೀಸ್ ಎಲ್ಲ ಸ್ಕ್ರೀನಿಗೆ ಬಳಿದು, “ಇಷ್ಟೇನಾ? ಇದಕ್ಕಾ ಚೂಟಿ ಅಷ್ಟು ಒದ್ದಾಡ್ತಿದ್ದಿದ್ದು?” ಎಂದರು.

ನಿನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ನೀನೇ ಊಹಿಸುತ್ತೀಯೋ ನೋಡೋಣ ಎಂದು ಹೆಸರು ಹೇಳಿರಲಿಲ್ಲ. ಈಗ ಸಿಟ್ಟು ಬಿಟ್ಟು ಸಂಖ್ಯೆ ಕಳಿಸು. ದಿನಾ ಕೇಳುತ್ತಾರೆ.

ಅತ್ತಿಗೆ


ಏಪ್ರಿಲ್ 1

ಅತ್ತಿಗೆ,

ನೀವು ಆ ಮನೆಗೆ ಬರುವ ಮೊದಲು ನಾವಿಬ್ಬರೇ ಇದ್ದೆವು, ನಾನು ಮತ್ತು ಅವನು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಸಂಜೆ ಎಷ್ಟು ಉದ್ದ ಎಂದು ನಿಮಗೆ ಗೊತ್ತಿಲ್ಲ. ಅವನು ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದೆ. “ಒಂದೇ ಒಂದು ಆಟ ಅಣ್ಣಾ” ಎನ್ನುತ್ತಿದ್ದೆ. “ನನಗೆ ಬೇಡ ಕಣೆ, ನೀನು ಆಡು” ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಎಷ್ಟು ಸಲ ಕೇಳಿದ್ದೇನೋ. ಚದುರಂಗ, ಇಸ್ಪೀಟು, ಪಾತಾಳ, ಯಾವುದಕ್ಕೂ ಒಂದೇ ಉತ್ತರ.

ನೀವು “ಸ್ವಲ್ಪ ಹಿಡ್ಕೊಳ್ಳಿ” ಎಂದಿರಿ. ಹಿಡಿದುಕೊಂಡ.

ಕನ್ನಡಕದವಳೇ ಆಗಿದ್ದರೆ ಚೆನ್ನಾಗಿತ್ತು. ಅವಳ ಮೇಲೆ ಕೋಪ ಮಾಡಿಕೊಳ್ಳಲು ಸುಲಭವಿತ್ತು. ನಿಮ್ಮ ಮೇಲೆ ಮಾಡಿಕೊಳ್ಳಲು ಕಾರಣ ಹುಡುಕಬೇಕು, ಹುಡುಕಿದರೆ ಸಿಗುವುದಿಲ್ಲ, ಸಿಗದಿದ್ದರೂ ಕೋಪ ಹೋಗುವುದಿಲ್ಲ. ನನ್ನ ಅಣ್ಣನನ್ನೂ ತೆಗೆದುಕೊಂಡಿರಿ, ನನ್ನ ಆಟವನ್ನೂ ತೆಗೆದುಕೊಂಡಿರಿ, ನನಗೆ ಸಿಗದ ಗೆಲುವನ್ನೂ ಇಬ್ಬರೂ ಸೇರಿ ನಗುತ್ತಾ ತೆಗೆದುಕೊಂಡಿರಿ.

ಇನ್ನೊಂದು ಮಾತು. ಮುಂದಿನ ವರ್ಷವೂ ಇಲ್ಲೇ ಇರುತ್ತೀಯಾ ಎಂದು ಮುಖ್ಯಸ್ಥರು ಕೇಳುತ್ತಲೇ ಇದ್ದರು. ನಿನ್ನೆ ಸಹಿ ಹಾಕಿದೆ. ಕಿಟಕಿ ಪಕ್ಕದ ಕುರ್ಚಿಗೆ ಯಾರನ್ನು ಬೇಕಾದರೂ ಕೂರಿಸಿಕೊಳ್ಳಿ.

ಚೂಟಿ


ಏಪ್ರಿಲ್ 3

ಚೂಟಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇದನ್ನು ಹೇಳುವುದಿಲ್ಲ ಎಂದುಕೊಂಡಿದ್ದೆ. ಅಷ್ಟು ದೂರದಲ್ಲಿ ಕೂತು ನೀನು ತಲೆ ಕೆಡಿಸಿಕೊಳ್ಳುವುದು ಬೇಡ ಎಂದಿತ್ತು.

ನನ್ನ ಬಲಗೈ ಸರಿಯಿಲ್ಲ. ನೀನು ಹೋಗುವ ಮೊದಲೇ ಶುರುವಾಗಿತ್ತು, ಬೆರಳ ತುದಿ ಜೋಮು ಹಿಡಿದ ಹಾಗೆ. ಈಗ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎನ್ನುತ್ತಾರೆ, ಬಹಳ ದಿನದಿಂದ ಒತ್ತಿಕೊಂಡಿದೆಯಂತೆ. ಮೇಣದ ಹಲ್ಲು ಕೆತ್ತುವಾಗ ಕತ್ತಿ ಜಾರುತ್ತದೆ, ಜಾರಿದ್ದು ಗೊತ್ತಾಗುವುದಿಲ್ಲ. ಲ್ಯಾಬಿನಲ್ಲಿ ನನ್ನನ್ನು ಕೆತ್ತುವ ಮೇಜಿನಿಂದ ಎಬ್ಬಿಸಿ, ಬಂದ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಕೂರಿಸಿದ್ದಾರೆ. ನನ್ನ ಮೇಜಿಗೆ ಒಬ್ಬಳು ಹೊಸಬಳು ಬಂದಿದ್ದಾಳೆ. ಒಳ್ಳೆಯ ಕೈ ಅವಳದು. ನೋಡಲು ಆಗುವುದಿಲ್ಲ, ನೋಡದೆ ಇರಲೂ ಆಗುವುದಿಲ್ಲ.

ಯಂತ್ರ ಹಿಡಿಯಲು ಆಗದೆಯೇ ನಿನ್ನ ಅಣ್ಣನ ಕೈಗೆ ಕೊಟ್ಟದ್ದು.

ಮೇ ಎರಡನೇ ವಾರ ಆಪರೇಷನ್. ನರ ಬದುಕಿದ್ದರೆ ಸ್ಪರ್ಶ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಿನಗೆ ರಜೆ ಸಿಗುತ್ತದೆಯೇ? ಸಿಕ್ಕರೆ ಬಾ. ಸಿಗದಿದ್ದರೂ ಪರವಾಗಿಲ್ಲ, ಹೇಗೂ ವರ್ಷದ ಕೊನೆಗೆ ಬರುತ್ತೀಯಲ್ಲ. ಆ ಧೈರ್ಯ ಇದೆ. ಇವರ ಎದುರು ಅಳಲು ಆಗುವುದಿಲ್ಲ, ತಾವೇ ಬೆಳ್ಳಗಾಗಿಬಿಡುತ್ತಾರೆ.

ಅತ್ತಿಗೆ


ಏಪ್ರಿಲ್ 8

ಚೂಟಿ,

ನಿನ್ನ ಕಾಗದ ಬಂತು. ನನ್ನದು ಅಷ್ಟರಲ್ಲಿ ಹೊರಟಾಗಿತ್ತು. ಈಗ ಅದನ್ನು ವಾಪಸ್ ತರಿಸಿಕೊಳ್ಳುವ ಹಾಗಿದ್ದರೆ ತರಿಸಿಕೊಳ್ಳುತ್ತಿದ್ದೆ.

ನಿನ್ನ ಹೊಟ್ಟೆಕಿಚ್ಚು ನೀನು ಹೇಳಿಕೊಂಡೆ. ನನ್ನದೂ ಕೇಳು.

ನಿನ್ನ ಕಾಗದ ಬಂದ ದಿನ ನಿನ್ನ ಅಣ್ಣ ಶೂ ಬಿಚ್ಚುವುದಿಲ್ಲ. ಬಾಗಿಲ ಹತ್ತಿರ ನಿಂತೇ ಓದುತ್ತಾರೆ, ನನ್ನ ಹೆಸರಿಗೆ ಬಂದ ಕಾಗದವನ್ನು. ಓದಿ ಒಬ್ಬರೇ ನಗುತ್ತಾರೆ. ಏನು ಎಂದರೆ “ಏನಿಲ್ಲ, ಚೂಟಿ ಅಲ್ವಾ” ಎನ್ನುತ್ತಾರೆ. ಆ ‘ಚೂಟಿ ಅಲ್ವಾ’ದೊಳಗೆ ಇಪ್ಪತ್ತು ವರ್ಷ ಇದೆ, ಅದರಲ್ಲಿ ನನಗೆ ಜಾಗವಿಲ್ಲ. ಕೈ ಹೇಗಿದೆ ಎಂದು ಬೆಳಿಗ್ಗೆ ಒಂದು ಸಲ ಕೇಳಿದರೆ, ದೋಣಿ ಬಂತಾ ಎಂದು ಸಂಜೆ ಎರಡು ಸಲ ಕೇಳುತ್ತಾರೆ. ನಾನು ಹಿಡ್ಕೊಳ್ಳಿ ಎಂದೆ, ಅವರು ಹಿಡಿದುಕೊಂಡರು ಎಂದು ನೀನು ಉರಿದುಕೊಂಡಿದ್ದೀಯ. ನನ್ನ ಕೈಗಾಗಿ ಹಿಡಿದದ್ದು ಮೊದಲ ದಿನ ಮಾತ್ರ. ಆಮೇಲೆ ಹಿಡಿದದ್ದು ನಿನ್ನ ಸಂಖ್ಯೆ ಎಂದು. “ಈಗ ಅವಳೂ ಇದೇ ಕೋಣೆಯಲ್ಲಿ ಇರ್ತಾಳಲ್ವಾ?” ಎಂದು ಕೇಳಿದರು. ನಾನು ಪಕ್ಕದಲ್ಲಿ ಕೂತಿದ್ದೆ. ಕೋಣೆಯಲ್ಲಿ ಇದ್ದವಳು ನಾನು, ಚೂಟಿ.

ನೀನು ಇನ್ನೊಂದು ವರ್ಷ ಬರುವುದಿಲ್ಲ ಎಂಬುದನ್ನೂ ಬಾಗಿಲಲ್ಲೇ ನಿಂತು ಓದಿದರು. ಮಡಿಸಿ ನನ್ನ ಕೈಗೆ ಕೊಟ್ಟು, ಆಗ ಶೂ ಬಿಚ್ಚಿದರು. ಅವತ್ತಿನಿಂದ ಯಂತ್ರ ಮುಟ್ಟಿಲ್ಲ. ಮೇಕೆಯ ಮಾತೂ ಇಲ್ಲ.

ಗೆದ್ದೆ ಬಿಡು ನೀನು.

ಅತ್ತಿಗೆ


ಏಪ್ರಿಲ್ 12

ಅತ್ತಿಗೆ, ಅತ್ತಿಗೆ,

ಗುರುವಾರದ ದೋಣಿಗೆ ನಿಮ್ಮ ಮೂರನೇ ತಾರೀಖಿನ ಕಾಗದ ಬಂತು. ಓದಿದವಳು ಬಲೂನಿನ ಶೆಡ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪೆನ್ನು ಸರಿಯಿಲ್ಲ ಎಂದಿದ್ದಿರಿ. ನಾನು ನಂಬಿದೆ! ನಿಮ್ಮ ಹೆಬ್ಬೆರಳು ಎಲ್ಲಿ ಅನುಮಾನಿಸುತ್ತದೆ ಎಂದು ಗೊತ್ತು ಎಂದು ಕೊಚ್ಚಿಕೊಂಡೆನಲ್ಲ, ಅದೇ ಹೆಬ್ಬೆರಳಿಗೆ ಏನಾಗಿದೆ ಎಂದು ಗೊತ್ತಾಗಲಿಲ್ಲ.

ಓಡಿಹೋಗಿ ಮುಖ್ಯಸ್ಥರನ್ನು ಕೇಳಿದೆ. “ನನ್ನ ಸಹಿ ವಾಪಸ್ ತಗೋಬಹುದಾ ಸರ್?”

“ನಿನ್ನ ಜಾಗಕ್ಕೆ ಬರಬೇಕಾಗಿದ್ದವನಿಗೆ ಬೇಡ ಅಂತ ತಿಳಿಸಿ ಆಯ್ತಲ್ಲಮ್ಮ. ಅವನು ಬೇರೆ ಕಡೆ ಸೇರ್ಕೊಂಡ.”

“ಹಾಗಾದ್ರೆ ಮೇ ತಿಂಗಳಲ್ಲಿ ಎರಡು ವಾರ ರಜೆ.”

ಗಡ್ಡ ನೀವಿಕೊಂಡರು. “ಮೇ ತಿಂಗಳಿಂದ ಬಿರುಗಾಳಿ ಕಾಲ. ನಾವು ಅಂಕಿ ಕಳಿಸದಿದ್ರೆ ದೋಣಿಗಳು ಯಾವ ಧೈರ್ಯದ ಮೇಲೆ ಹೊರಡಬೇಕು? ಒಬ್ಬನೇ ಬಲೂನು ಬಿಡೋಕೆ ನನ್ನ ಕೈಲಿ ಆಗಲ್ಲ. ಆಗೋ ಹಾಗಿದ್ರೆ ಕಳಿಸ್ತಿದ್ದೆ.” ಒಳ್ಳೆಯವರು. ಬೈದಿದ್ದರೆ ವಾಸಿಯಿತ್ತು, ಜಗಳವಾದರೂ ಆಡುತ್ತಿದ್ದೆ.

ಬರಲು ಆಗುವುದಿಲ್ಲ, ಅತ್ತಿಗೆ.

ಇನ್ನೊಂದು ಮಾತು ಬರೆಯದಿದ್ದರೆ ಈ ಕಾಗದ ಪೂರ್ತಿ ಸುಳ್ಳಾಗುತ್ತದೆ. ನಿಮ್ಮ ಕೈಗೆ ಹೀಗಾಗಿದೆ ಎಂದು ಓದಿದಾಗ ಮೊದಲು ಬಂದದ್ದು ದುಃಖವಲ್ಲ. ‘ಓ, ಅದಕ್ಕೆ ಹಿಡಿದುಕೊಂಡನಾ’ ಎಂಬ ಸಮಾಧಾನ. ದುಃಖ ಆಮೇಲೆ ಬಂತು. ಎಂಥವಳು ನಾನು.

ಚೂಟಿ


ಮೇ 19

ಚೂಟಿ,

ಎಡಗೈಯಲ್ಲಿ ಬರೆದದ್ದು. ಈ ಸಲ ನಿಜವಾಗಿಯೂ ಪೆನ್ನಿನ ತಪ್ಪಲ್ಲ.

ಆಪರೇಷನ್ ಆಯಿತು. ಮೂರು ಬೆರಳಿಗೆ ಸ್ಪರ್ಶ ಬಂದಿದೆ. ಹೆಬ್ಬೆರಳಿಗೆ ಇನ್ನೂ ಇಲ್ಲ. ಬರಬಹುದು, ತಿಂಗಳುಗಟ್ಟಲೆ ಕಾಯಬೇಕು ಎಂದರು. ಹೆಬ್ಬೆರಳಿಲ್ಲದೆ ಕೆತ್ತಲು ಆಗುವುದಿಲ್ಲ. ಸದ್ಯಕ್ಕೆ ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸುವುದನ್ನು ನನಗೆ ಬಿಟ್ಟಿದ್ದಾರೆ, ಕಣ್ಣು ಚೆನ್ನಾಗಿದೆಯಲ್ಲ. ಹೊಸಬಳು ಹಲ್ಲು ತಂದು ತೋರಿಸುತ್ತಾಳೆ, ನಾನು ಇನ್ನೂ ಹಳದಿ ಬೇಕು ಎನ್ನುತ್ತೇನೆ. ಬೇಡದಿದ್ದರೂ ಒಂದೊಂದು ಸಲ ಅನ್ನುತ್ತೇನೆ.

ನನ್ನ ಕೋಪದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಗುರುವಾರ ಬಂತು, ಹೋಯಿತು. ಇವರು ದೋಣಿ ಬಂತಾ ಎಂದು ಕೇಳುವುದನ್ನೂ ಬಿಟ್ಟರು. ಕೇಳದಿದ್ದರೆ ನೆಮ್ಮದಿ ಎಂದುಕೊಂಡಿದ್ದೆ. ಆಗಲಿಲ್ಲ. ಆಸ್ಪತ್ರೆಯಲ್ಲಿ ಐದು ದಿನ ನನ್ನ ಪಕ್ಕದ ಸ್ಟೂಲಿನಿಂದ ಏಳಲಿಲ್ಲ, ನನಗೆ ಬೇಕಾದದ್ದು ಅದೇ. ಆದರೆ ಕೂತವರು ಕಿಟಕಿಯಿಂದಾಚೆ ಮೋಡ ನೋಡುತ್ತಿದ್ದರು. “ಅಲ್ಲಿ ಗಾಳಿ ಜಾಸ್ತಿ ಇರಬಹುದು ಅಲ್ವಾ” ಎಂದರು. ಅಷ್ಟಕ್ಕೇ ನನಗೆ ಸಾಕಾಗಿಹೋಯಿತು.

ಅದಕ್ಕೆ ಕಳಿಸುತ್ತಿದ್ದೇನೆ. ಈ ಕಾಗದ ತಂದುಕೊಟ್ಟವರನ್ನು ಒಳಗೆ ಕರೆದು ಕೂರಿಸು, ದೋಣಿಯಲ್ಲಿ ಅವರಿಗೂ ಹೊಟ್ಟೆ ತೊಳಸಿರುತ್ತದೆ. ಹೋಗುವುದಿಲ್ಲ ಎಂದು ಹಟ ಹಿಡಿದರು, ನಿನ್ನನ್ನು ಈ ಕೈಯಲ್ಲಿ ಬಿಟ್ಟು ಹೇಗೆ ಎಂದರು. ಕೆಳಗಿನವಳು ಬಂದು ಮಲಗುತ್ತಾಳೆ, ನೀವು ಹೊರಡಿ ಎಂದೆ. ಗುರುವಾರದಿಂದ ಗುರುವಾರಕ್ಕೆ ಒಂದು ವಾರ. ಅಷ್ಟು ದಿನ ಪೂರ್ತಿ ನಿನಗೆ.

ದೊಡ್ಡ ಮನಸ್ಸು ಎಂದೆಲ್ಲ ಬರೆಯಬೇಡ. ಅವರ ಬ್ಯಾಗಿಗೆ ಸ್ವೆಟರ್ ತುಂಬುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು, ಈಗಲೂ ಉರಿಯುತ್ತಿದೆ. ಒಂದು ವಾರ ಎಂದರೆ ಒಂದೇ ವಾರ.

ಅತ್ತಿಗೆ


ಮೇ 28

ಅತ್ತಿಗೆ,

ದೋಣಿಗೆ ಸಾಮಾನು ಏರಿಸುತ್ತಿದ್ದಾರೆ, ಅಷ್ಟರೊಳಗೆ ಬರೆದು ಇವನ ಕೈಗೆ ಕೊಡಬೇಕು.

ಉತ್ತರ ಬರೆಯಲಿಲ್ಲ ಎಂದಿರಿ. ಬರೆದೆ, ಹರಿದೆ, ಮತ್ತೆ ಬರೆದೆ. ‘ಕೋಣೆಯಲ್ಲಿ ಇದ್ದವಳು ನಾನು’ ಎಂಬ ನಿಮ್ಮ ಮಾತಿನ ಎದುರು ಯಾವ ವಾಕ್ಯವನ್ನು ಇಟ್ಟರೂ ನಿಲ್ಲಲಿಲ್ಲ.

ಇವನು ದೋಣಿಯಿಂದ ಇಳಿದಾಗ ಮುಖ ಸುಣ್ಣದ ಹಾಗಿತ್ತು. “ಚೂಟಿ, ಭೂಮಿ ಅಲ್ಲಾಡ್ತಾ ಇದೆಯೇನೇ?” ಎಂದು ಬಂಡೆ ಹಿಡಿದುಕೊಂಡ. ಒಂದು ವಾರ ಪೂರ್ತಿ ನನ್ನವನು ಎಂದು ಎಷ್ಟೆಲ್ಲ ಲೆಕ್ಕ ಹಾಕಿದ್ದೆ ಗೊತ್ತೇ? ಗೋಪುರ ಹತ್ತಿಸಬೇಕು, ಬಲೂನು ಅವನ ಕೈಯಿಂದ ಬಿಡಿಸಬೇಕು, ಹಳೆಯದನ್ನೆಲ್ಲ ಮಾತಾಡಬೇಕು. ಎಲ್ಲ ಮಾಡಿದ. ಆದರೆ ಗೋಪುರದ ಮೇಲೆ ನಿಂತು ಹೇಳಿದ್ದು, “ನಿನ್ನ ಅತ್ತಿಗೆಗೆ ಲೋಟ ಎತ್ತೋಕಾಗಲ್ಲ ಕಣೆ, ಎರಡೂ ಕೈಲಿ ಹಿಡಿದು ಕುಡೀತಾಳೆ.” ಬಲೂನು ಮೋಡದೊಳಗೆ ಹೋಗುತ್ತಿದ್ದಾಗ, “ಅವಳು ನೋಡಿದ್ರೆ ಏನನ್ನೋಳು?” ಮೆಕ್ಯಾನಿಕ್ ಹತ್ತಿರ ಹೋಗಿ ವೈರ್‌ಲೆಸ್‌ನಲ್ಲಿ ಮನೆಗೆ ಮಾತಾಡಬಹುದೇ ಎಂದು ಬೇರೆ ಕೇಳಿದ್ದಾನೆ. ಅಪಾಯಕ್ಕೆ ಮಾತ್ರ ಎಂದರೆ, “ಇದೂ ಅದೇ ಅಂದ್ಕೊಳ್ಳಿ” ಎಂದನಂತೆ.

ನೀವು ಅವನು ಮೋಡ ನೋಡುತ್ತಿದ್ದ ಎಂದು ಉರಿದುಕೊಂಡಿರಿ. ನಾನು ಅವನು ಲೋಟ ನೋಡುತ್ತಿದ್ದ ಎಂದು ಉರಿದುಕೊಂಡೆ. ಈ ಮನುಷ್ಯ ಎಲ್ಲಿದ್ದರೂ ಅಲ್ಲಿರುವುದಿಲ್ಲ.

ಪಾತಾಳವನ್ನೂ ಆಡಿದೆವು. ಅವನ ಪಕ್ಕದಲ್ಲಿ ಕೂತು, ಮೊದಲ ಸಲ. ಕೊಟ್ಟ ಕಾರ್ಡನ್ನೆಲ್ಲ ಬಾಚಿಕೊಂಡ. ನನ್ನ ಕೈ ತುರಿಸುತ್ತಿತ್ತು, ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತೆ. ಮೂರನೇ ಮಹಡಿಯಲ್ಲಿ ಸತ್ತ. ಮತ್ತೆ ಆಡಿದ, ಮತ್ತೆ ಸತ್ತ. ಆ ರಾಣಿಯನ್ನು ಗೆದ್ದದ್ದು ಶುದ್ಧ ಅದೃಷ್ಟ, ಅತ್ತಿಗೆ, ಇದನ್ನು ಮಾತ್ರ ನಾನು ಬರೆದುಕೊಡುತ್ತೇನೆ. ಆಮೇಲೆ ಕೇಳಿಯೇಬಿಟ್ಟೆ, “ನನ್ನ ಜೊತೆ ಯಾಕೆ ಒಂದು ದಿನವೂ ಆಡಲಿಲ್ಲ?”

ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳಿದ: “ನೀನೆಲ್ಲಿ ಆಡ್ತಿದ್ದೆ? ಸೋಲಿಸ್ತಿದ್ದೆ. ಇಡೀ ದಿನ ಕೆಲಸ ಮಾಡಿ ಬಂದವನಿಗೆ ಮನೇಲೂ ಸೋಲೋಕೆ ಶಕ್ತಿ ಇರ್ಲಿಲ್ಲ. ನಿನ್ನ ಅತ್ತಿಗೆ ಸೋತ್ರೆ ನಗ್ತಾಳೆ. ನಾನು ಸೋತ್ರೂ ನಗ್ತಾಳೆ.”

ಸುಮ್ಮನೆ ಹೇಳಿದ, ನೋಯಿಸಬೇಕೆಂದಲ್ಲ. ನಾನು ಎದ್ದುಹೋಗಿ ತೇವದ ಮಾಪಕ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಬಂದಾಗ ಯಂತ್ರ ನನ್ನ ಕಡೆ ಚಾಚಿ, “ಈ ಸಲ ನೀನು ಆಡು, ನಾನು ಬೇಡದ್ದೆಲ್ಲ ತಗೋ ಅಂತೀನಿ” ಎಂದ. ಆಡಿದೆ. ಅವನು ತಗೋ ಎಂದದ್ದೆಲ್ಲ ತೆಗೆದುಕೊಂಡೆ. ಎರಡನೇ ಮಹಡಿಯಲ್ಲಿ ಸತ್ತೆ, ಅಷ್ಟು ಬೇಗ ನಾನು ಎಂದೂ ಸತ್ತದ್ದಿಲ್ಲ. ಇಬ್ಬರೂ ನಕ್ಕೆವು. ನನಗೆ ಅದು ಇನ್ನೂ ಸಲೀಸಾಗಿ ಬರುವುದಿಲ್ಲ, ಅಭ್ಯಾಸ ಮಾಡಿಕೊಳ್ಳುತ್ತೇನೆ.

ಬಿರುಗಾಳಿ ಕಾಲ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ, ಒಂದು ತಿಂಗಳು ರಜೆ ಕೊಡುತ್ತೇನೆ ಎಂದಿದ್ದಾರೆ ಮುಖ್ಯಸ್ಥರು. ಬರುತ್ತೇನೆ. ಆಮೇಲೆ ಇನ್ನೊಂದು ವರ್ಷ ಇಲ್ಲಿರಬೇಕು. ಸಿಟ್ಟಿನಲ್ಲಿ ಹಾಕಿದ ಸಹಿಯೂ ಸಹಿಯೇ.

ಸಿಳ್ಳೆ ಹಾಕುತ್ತಿದ್ದಾರೆ. ನಿಮ್ಮ ಗಂಡ ದೋಣಿಯ ಹತ್ತಿರ ನಿಂತು, ಇನ್ನೂ ಹತ್ತದೆಯೇ ಮುಖ ಕಿವುಚಿಕೊಂಡಿದ್ದಾನೆ. ಕಳಿಸುತ್ತಿದ್ದೇನೆ. ಮನಸ್ಸಿಲ್ಲದ ಮನಸ್ಸಿನಿಂದ ಎಂದು ಬೇರೆ ಹೇಳಬೇಕಿಲ್ಲವಲ್ಲ.

ಒಂದೇ ಒಂದು ಕೇಳಿಕೆ. ಹೆಬ್ಬೆರಳಿಗೆ ಸ್ಪರ್ಶ ಬಂದ ದಿನ, ಲೋಟವೋ ಬಟ್ಟೆಯೋ ಮೊದಲು ಯಾವುದು ಗೊತ್ತಾಯಿತು ಎಂದು ನನಗೆ ಹೇಳಬೇಕು. ಯಾರಿಗೂ ಹೇಳುವ ಮುಂಚೆ ನನಗೆ. ಅವನು ಪಕ್ಕದಲ್ಲೇ ಕೂತಿರುತ್ತಾನೆ, ನಿಮ್ಮ ಮುಖ ನೋಡಿಯೇ ಅವನಿಗೆ ತಿಳಿದುಹೋಗುತ್ತದೆ, ನನಗೆ ತಿಳಿಯುವುದಕ್ಕೆ ಗುರುವಾರ ಬರಬೇಕು. ಎಲ್ಲ ಗೊತ್ತು. ಆದರೂ ಅತ್ತಿಗೆ, ಮೊದಲು ನನಗೆ.

ನಿಮ್ಮ ಚೂಟಿ